ಮುಚ್ಚಿದ ಲಕೋಟೆ, ತೆರೆದ ದಫ್ತರ

ಗೃಹಸ್ಥರ ತಿಳಿವಳಿಕೆಗೆ

ಪರರ ಕಾಗದವನ್ನು ಒಡೆದು ಓದಬಾರದೆಂಬುದು ನಮ್ಮ ಮನೆಗಳಲ್ಲಿ ಯಾವ ಪುಸ್ತಕದ ಸಹಾಯವೂ ಇಲ್ಲದೆ ಮಕ್ಕಳಿಗೆ ಕಲಿಸುವ ನೀತಿಗಳಲ್ಲಿ ಒಂದು. ಸೊಸೆಗೆ ತವರಿನಿಂದ ಬಂದ ಕಾಗದವನ್ನು ಅತ್ತೆಯು ಒಡೆದಳೆಂದರೆ, ಅದರಲ್ಲಿ ಕ್ಷೇಮಸಮಾಚಾರದ ಹೊರತು ಮತ್ತೇನೂ ಇಲ್ಲದಿದ್ದರೂ, ಆ ಮನೆಯಲ್ಲಿ ಬಹುಕಾಲದವರೆಗೆ ಮಾತುಗಳೆಲ್ಲ ಅಳೆದು ತೂಗಿದ ಮಾತುಗಳಾಗಿಬಿಡುವುವು. ಒಳಗೆ ಗುಟ್ಟಿತ್ತೇ ಇಲ್ಲವೇ ಎಂಬುದು ಅಲ್ಲಿ ಪ್ರಶ್ನೆಯಲ್ಲ. ಒಡೆಯುವ ಅಧಿಕಾರ ಯಾರದೆಂಬುದು ಪ್ರಶ್ನೆ. ಕಾಗದವನ್ನು ತಂದುಕೊಡುವ ಅಂಚೆಯವನು ಮೇಲಿನ ವಿಳಾಸವನ್ನು ಓದತಕ್ಕವನೇ ಹೊರತು ಒಳಗಿನ ಒಕ್ಕಣೆಯನ್ನಲ್ಲ ಎಂಬ ನಂಬಿಕೆಯ ಮೇಲೆಯೇ ಅಂಚೆಯ ಕಚೇರಿ ಎಂಬ ಸಂಸ್ಥೆಯು ಇಷ್ಟು ವರ್ಷ ನಡೆದುಬಂದಿರುತ್ತದೆ.

ಈಗ ಕಾಗದ ಬರೆಯುವವರು ವಿರಳರಾಗಿ, ಮನೆಮನೆಯಲ್ಲಿಯೂ ಇ-ಮೇಲ್ ಎಂಬ ಮಿಂಚಂಚೆಯೇ ಬಳಕೆಗೆ ಬಂದಿದೆ. ಮಗನ ಸಂಬಳದ ಚೀಟಿ, ಮಗಳ ಪರೀಕ್ಷೆಯ ಫಲಿತಾಂಶ, ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ವರದಿ, ಎಲ್ಲವೂ ಅದರ ಮೂಲಕವೇ ಬರುತ್ತವೆ. ಹಾಗಾದರೆ ಈ ಹೊಸ ಅಂಚೆಯವನು ಯಾರು? ಅವನು ನಮ್ಮ ವಿಳಾಸಗಳನ್ನು ಬರೆದಿಟ್ಟುಕೊಳ್ಳುತ್ತಾನೆಯೇ? ಬರೆದಿಟ್ಟುದನ್ನು ಎಷ್ಟು ಕಾಲ ಇಡುತ್ತಾನೆ, ಯಾರಿಗೆ ತೋರಿಸುತ್ತಾನೆ? ಈ ಪ್ರಶ್ನೆಗಳು ವಕೀಲರಿಗೆ ಮಾತ್ರ ಸೇರಿದುವೆಂದು ಗೃಹಸ್ಥರು ಸುಮ್ಮನಿರುವುದುಂಟು. ಆದರೆ ಕೋಲಾರದ ಚಿನ್ನದ ಗಣಿಯ ಸೀಮೆಯವರು ಈ ಮಾತಿನಲ್ಲಿ ಉಳಿದವರಿಗಿಂತ ಹೆಚ್ಚು ತಿಳಿದವರು. ಏಕೆಂದರೆ, ಮನುಷ್ಯನ ಗುರುತನ್ನು ದಫ್ತರದಲ್ಲಿ ಇಡುವುದರ ಅರ್ಥವೇನೆಂಬುದನ್ನು ಅವರ ಹಿರಿಯರು ಬಹು ಹಿಂದೆಯೇ ಕಂಡುಕೊಂಡಿದ್ದರು. ಆ ಸಂಗತಿಯನ್ನು ಮುಂದೆ ಹೇಳುವೆವು.

ಮೊದಲು ಮಿಂಚಂಚೆಯ ಹಾದಿಯನ್ನು ತಿಳಿಯೋಣ. ಬಂಗಾರಪೇಟೆಯ ಜಂಕ್ಷನ್ನನ್ನು ನೋಡಿದವರಿಗೆ ಇದು ಕಷ್ಟವಲ್ಲ. ಮೈಸೂರು ಸೀಮೆಯ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಆ ಊರು ಒಂದು ಕಾಲದಲ್ಲಿ ಬೌರಿಂಗ್‌ಪೇಟೆ ಎನಿಸಿಕೊಂಡಿತ್ತು. ೧೮೯೪ನೆಯ ಇಸವಿಯಲ್ಲಿ ಅಲ್ಲಿಂದ ಗಣಿಯ ಕಡೆಗೆ, ಮಾರಿಕುಪ್ಪದವರೆಗೆ, ಕವಲುದಾರಿಯ ರೈಲು ಹೋಯಿತು. ಮಾರಿಕುಪ್ಪದಿಂದ ಮದರಾಸಿಗೆ ಹೊರಟ ಒಂದು ಪೊಟ್ಟಣವು ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸಬೇಕು. ಸ್ಟೇಷನ್ನಿನವರು ಆ ಪೊಟ್ಟಣವನ್ನು ಬಿಚ್ಚುವುದಿಲ್ಲ. ಆದರೆ ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ಎಷ್ಟು ಗಂಟೆಗೆ ಬಂತು, ತೂಕವೆಷ್ಟು, ಇವನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಇ-ಮೇಲು ಕೂಡ ಹೀಗೆಯೇ. ರಾಬರ್ಟ್‌ಸನ್‌ಪೇಟೆಯ ಮನೆಯೊಂದರ ಯಂತ್ರದಿಂದ ಹೊರಟುದು ಅಂತರ್ಜಾಲವನ್ನು ಒದಗಿಸುವ ಕಂಪೆನಿಯ ಯಂತ್ರವನ್ನು ಸೇರಿ, ಅಲ್ಲಿಂದ ಅಂಚೆ ನಡೆಸುವ ಮತ್ತೊಂದು ಕಂಪೆನಿಯ ಯಂತ್ರಕ್ಕೆ ಹೋಗಿ, ಕೊನೆಗೆ ಪಡೆಯುವವರ ಪೆಟ್ಟಿಗೆಗೆ ಬೀಳುತ್ತದೆ. ಪ್ರತಿಯೊಂದು ಜಂಕ್ಷನ್ನಿನಲ್ಲಿಯೂ ಒಂದು ಪುಸ್ತಕ. ಅದಕ್ಕೆ ಲಾಗ್ ಎಂದು ಹೆಸರು.

ಇಲ್ಲಿ ಎರಡು ವಿಷಯಗಳನ್ನು ಬೇರೆಬೇರೆಯಾಗಿ ಹಿಡಿಯತಕ್ಕದ್ದು. ಕಾಗದದ ಒಳಗನ್ನು ಓದುವುದು ಒಂದು. ಲಕೋಟೆಯ ಹೊರಮೈಯನ್ನು ಬರೆದಿಟ್ಟುಕೊಳ್ಳುವುದು ಇನ್ನೊಂದು. ಮೊದಲನೆಯದು ಕಣ್ಗಾವಲು, ಅದಕ್ಕೆ ಆಯಾ ಮನುಷ್ಯನ ವಿಷಯದಲ್ಲಿ ಪ್ರತ್ಯೇಕವಾದ ಹುಕುಂ ಬೇಕು. ಎರಡನೆಯದು ದಾಖಲೆಯ ಸಂಗ್ರಹ. ಅದು ಅಪರಾಧಿ, ನಿರಪರಾಧಿ ಎಂಬ ಭೇದವಿಲ್ಲದೆ ಎಲ್ಲರ ವಿಷಯದಲ್ಲಿಯೂ ನಡೆಯುತ್ತದೆ. ಅಂತರ್ಜಾಲದ ಕಂಪೆನಿಯವರಿಗೆ ಸಾಮಾನ್ಯವಾಗಿ ಇ-ಮೇಲಿನ ಒಳಗು ಕಾಣಿಸುವುದಿಲ್ಲ. ಈಗಿನ ಅಂಚೆಗಳು ದಾರಿಯುದ್ದಕ್ಕೂ ಗೂಢಲಿಪಿಯಲ್ಲಿ ಸಾಗುವುದೇ ಹೆಚ್ಚು. ಒಳಗೆ ಬರೆದ ಮಾತು ಇರುವುದು ಅಂಚೆ ನಡೆಸುವ ಕಂಪೆನಿಯ ಉಗ್ರಾಣದಲ್ಲಿ. ಅದನ್ನು ಬೇಕೆನ್ನುವ ಸರ್ಕಾರವು ಅಲ್ಲಿಯೇ ಹೋಗಿ ಕೇಳಬೇಕು.

"ಹೊರಮೈಯನ್ನು ಬರೆದುಕೊಂಡರೆ ಏನು ಹೋಯಿತು?" ಎಂದು ಕೆಲವರು ಕೇಳುವರು. ಒಂದು ಮನೆಯನ್ನು ಊಹಿಸಿಕೊಳ್ಳೋಣ. ಆ ಮನೆಯ ಗೃಹಿಣಿಯು ಸೋಮವಾರ ರಾತ್ರಿ ಹನ್ನೊಂದು ಗಂಟೆಗೆ ಕ್ಯಾನ್ಸರ್ ಆಸ್ಪತ್ರೆಗೆ ಬರೆದಳು. ಮಂಗಳವಾರ ಬೆಳಗ್ಗೆ ವಿಮಾ ಕಂಪೆನಿಗೆ. ಆ ದಿನವೇ ಮಧ್ಯಾಹ್ನ ಚಿನ್ನದ ಮೇಲೆ ಸಾಲ ಕೊಡುವವರಿಗೆ. ಬುಧವಾರ ದೂರದಲ್ಲಿರುವ ಅಣ್ಣನಿಗೆ. ಒಂದು ಅಕ್ಷರವನ್ನೂ ಓದದೆ ಆ ಸಂಸಾರದ ಕಷ್ಟವೆಲ್ಲವೂ ತಿಳಿದುಹೋಗಲಿಲ್ಲವೇ? ಹೊರಮೈಗಳನ್ನು ಒಂದೆರಡು ವರ್ಷ ಒಟ್ಟುಗೂಡಿಸಿದರೆ ಅದು ಒಳಗಿನ ಒಕ್ಕಣೆಗಿಂತ ಹೆಚ್ಚನ್ನು ಹೇಳುತ್ತದೆ. ಮಾತಿನಲ್ಲಿ ಮನುಷ್ಯನು ಮರೆಮಾಚಬಹುದು. ನಡೆಯಲ್ಲಿ ಮರೆಮಾಚುವುದು ಕಷ್ಟ.

ಈಗ ಗಣಿಯ ಹಿರಿಯರ ಸಂಗತಿ. ೧೮೮೦ರ ಸುಮಾರಿನಿಂದ ಜಾನ್ ಟೇಲರ್ ಕಂಪೆನಿಯವರ ಆಡಳಿತದಲ್ಲಿ ಬೆಳೆದ ಆ ಗಣಿಗಳಲ್ಲಿ ಚಿನ್ನದ ಕಳವಿನ ಭಯವು ಯಾವಾಗಲೂ ಇತ್ತು. ಆದುದರಿಂದ ಕೂಲಿಯವನು ಪಾತಾಳದಿಂದ ಮೇಲಕ್ಕೆ ಬಂದಾಗ ಮೈ ತಪಾಸಣೆ. ಅವನು ವಾಸಿಸುವ ಲೈನುಗಳ ಮೇಲೆ ಕಾವಲು. ಸೀಮೆಗೆಲ್ಲ ಬೇರೆಯದಾದ ಪೋಲೀಸು. ಇಂದಿಗೂ ಕೆ.ಜಿ.ಎಫ್. ಎಂಬುದು ಪೋಲೀಸಿನ ಲೆಕ್ಕದಲ್ಲಿ ಕೋಲಾರದಿಂದ ಪ್ರತ್ಯೇಕವಾದ ಒಂದು ಜಿಲ್ಲೆ. ಇವನ್ನೆಲ್ಲ ಕೂಲಿಗಳು ಸಹಿಸಿಕೊಂಡಿದ್ದರು. ಆದರೆ ೧೯೩೦ನೆಯ ಇಸವಿಯಲ್ಲಿ, ಕೆಲಸಗಾರರೆಲ್ಲರ ಬೆರಳಚ್ಚನ್ನು ತೆಗೆದುಕೊಂಡು ದಾಖಲೆ ಮಾಡತಕ್ಕದ್ದೆಂಬ ಏರ್ಪಾಡು ಬಂದಾಗ, ಅವರು ಒಪ್ಪಲಿಲ್ಲ. ಸಂಘವೆಂಬುದೇ ಸರಿಯಾಗಿ ಬೇರೂರದ ಆ ದಿನಗಳಲ್ಲಿ, ಸಾವಿರಾರು ಜನರು ಸುಮಾರು ಮೂರು ವಾರಗಳ ಕಾಲ ಕೆಲಸಕ್ಕೆ ಇಳಿಯದೆ ನಿಂತರು.

ಮೈ ತಪಾಸಣೆಯನ್ನು ಸಹಿಸಿದವರು ಹೆಬ್ಬೆಟ್ಟಿಗೆ ಏಕೆ ಹೆದರಿದರು? ತಪಾಸಣೆಯು ಆ ಕ್ಷಣಕ್ಕೆ ಮುಗಿಯುತ್ತದೆ. ಜೇಬಿನಲ್ಲಿ ಏನೂ ಇಲ್ಲವೆಂದ ಮೇಲೆ ಮನೆಗೆ ಹೋಗಬಹುದು. ದಫ್ತರದಲ್ಲಿ ಬಿದ್ದ ಬೆರಳಚ್ಚು ಮುಗಿಯುವುದಿಲ್ಲ. ಒಂದು ಗಣಿಯಲ್ಲಿ ಮೇಸ್ತ್ರಿಯ ಕೋಪಕ್ಕೆ ಗುರಿಯಾಗಿ ಕೆಲಸ ಕಳೆದುಕೊಂಡವನು ಇನ್ನೊಂದು ಗಣಿಯ ಬಾಗಿಲಿಗೆ ಹೋದರೆ, ಅವನಿಗಿಂತ ಮುಂಚೆ ಅವನ ಗುರುತು ಅಲ್ಲಿಗೆ ಹೋಗಿರುತ್ತದೆ. ಓದು ಬರಹ ಬಾರದ ಆ ಜನರಿಗೆ ದಾಖಲೆಯೊಂದರ ಸ್ವಭಾವವು ಇಷ್ಟು ಚೆನ್ನಾಗಿ ತಿಳಿದಿತ್ತು: ಯಾವ ಉದ್ದೇಶದಿಂದ ತೆಗೆದುಕೊಂಡರೋ ಆ ಉದ್ದೇಶದಲ್ಲಿಯೇ ಅದು ನಿಲ್ಲುವುದಿಲ್ಲ. ಕಳ್ಳನನ್ನು ಹಿಡಿಯುವುದಕ್ಕೆಂದು ತೆರೆದ ಪುಸ್ತಕವು ನ್ಯಾಯ ಕೇಳಿದವನನ್ನು ಹೊರಗಿಡುವುದಕ್ಕೂ ಒದಗಿಬರುತ್ತದೆ. ಇಂದಿನ ಚರ್ಚೆಯ ತಿರುಳು ಇದೇ.

ಕಾಗದವನ್ನು ತಡೆಯುವ ಅಧಿಕಾರವನ್ನು ಸರ್ಕಾರದವರು ಹೊಸದಾಗಿ ಪಡೆದುದಲ್ಲ. ೧೮೮೫ರ ತಂತಿ ಕಾಯಿದೆಯ ೫ನೆಯ ಕಲಮು ತಂತಿಯ ಸಮಾಚಾರವನ್ನು ತಡೆಯುವುದಕ್ಕೂ, ೧೮೯೮ರ ಅಂಚೆ ಕಾಯಿದೆಯ ೨೬ನೆಯ ಕಲಮು ಟಪಾಲನ್ನು ತಡೆಯುವುದಕ್ಕೂ ಅವಕಾಶ ಕೊಟ್ಟಿದ್ದುವು. ಇವು ಪರದೇಶದವರ ಆಳ್ವಿಕೆಯಲ್ಲಿ ಹುಟ್ಟಿದ ಕಾಯಿದೆಗಳು; ಸ್ವಾತಂತ್ರ್ಯ ಬಂದ ಮೇಲೂ ಅವು ಉಳಿದವು. ೧೯೮೬ರಲ್ಲಿ ಪಾರ್ಲಿಮೆಂಟಿನ ಎರಡು ಸಭೆಗಳೂ ಅಂಚೆಯನ್ನು ತಡೆಯುವ ಅಧಿಕಾರದ ಬಗ್ಗೆ ತಿದ್ದುಪಡಿಯೊಂದನ್ನು ಅಂಗೀಕರಿಸಿದಾಗ, ರಾಷ್ಟ್ರಾಧ್ಯಕ್ಷರಾಗಿದ್ದ ಜೈಲ್ ಸಿಂಗರು ಅದಕ್ಕೆ ಒಪ್ಪಿಗೆಯನ್ನೂ ಕೊಡದೆ, ಹಿಂದಿರುಗಿಸಲೂ ಇಲ್ಲದೆ ಮೇಜಿನ ಮೇಲೆಯೇ ಇಟ್ಟುಕೊಂಡರು. ಆ ಮಸೂದೆಯು ಕಾಯಿದೆಯಾಗಲೇ ಇಲ್ಲ. ೧೮೯೮ರ ಕಾಯಿದೆಯ ಸ್ಥಾನದಲ್ಲಿ ಈಗ ೨೦೨೩ರ ಅಂಚೆ ಕಾಯಿದೆಯು ಜಾರಿಯಲ್ಲಿದೆ. ತಡೆಯುವ ಅಧಿಕಾರವು ಅದರಲ್ಲಿಯೂ ಇದೆ.

ನಮ್ಮ ಕರ್ನಾಟಕಕ್ಕೂ ಈ ಕಥೆಯಲ್ಲಿ ಸ್ಥಾನವುಂಟು. ಟೆಲಿಫೋನಿನ ಮಾತುಗಳನ್ನು ಕದ್ದು ಕೇಳಿಸಿದರೆಂಬ ಆಪಾದನೆ ಎದ್ದುದರಿಂದ ೧೯೮೮ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆಯಿತ್ತರು. ೨೦೧೯ರಲ್ಲಿ ಮತ್ತೆ ಅದೇ ಬಗೆಯ ಆಪಾದನೆಗಳೆದ್ದು, ತನಿಖೆಯನ್ನು ರಾಜ್ಯ ಸರ್ಕಾರವು ಸಿ.ಬಿ.ಐ.ಗೆ ಒಪ್ಪಿಸಿತು. ಈ ನಡುವೆ, ೧೯೯೬ನೆಯ ಡಿಸೆಂಬರ್ ೧೮ರಂದು ಸರ್ವೋಚ್ಚ ನ್ಯಾಯಾಲಯವು ಪಿ.ಯು.ಸಿ.ಎಲ್. ಸಂಸ್ಥೆಯ ಮೊಕದ್ದಮೆಯಲ್ಲಿ, ಟೆಲಿಫೋನನ್ನು ಕದ್ದು ಕೇಳುವುದು ಮನುಷ್ಯನ ಖಾಸಗಿ ಬಾಳಿನೊಳಗೆ ನುಗ್ಗುವುದೇ ಸರಿ ಎಂದು ಹೇಳಿ, ಗೃಹ ಕಾರ್ಯದರ್ಶಿಯ ಹುಕುಂ ಇಲ್ಲದೆ ಹಾಗೆ ಮಾಡಕೂಡದು, ಹುಕುಮಿಗೆ ಅವಧಿ ಇರಬೇಕು, ಅದನ್ನು ಪರಿಶೀಲಿಸುವುದಕ್ಕೆ ಒಂದು ಸಮಿತಿ ಇರಬೇಕು ಎಂದು ಕಟ್ಟು ಹಾಕಿತು. ಬಳಿಕ ೨೦೧೭ನೆಯ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಕ್ಕೊರಲಿನಿಂದ, ಖಾಸಗಿತನವು ಸಂವಿಧಾನವು ಕೊಟ್ಟ ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ಏರ್ಪಾಡನ್ನು ಪ್ರಶ್ನಿಸಿ ೨೦೧೨ರಲ್ಲಿ ಅರ್ಜಿ ಹಾಕಿದಾಗ ಅವರ ವಯಸ್ಸು ಎಂಬತ್ತನ್ನು ದಾಟಿತ್ತು. ಮೊಮ್ಮಕ್ಕಳನ್ನು ಆಡಿಸಿಕೊಂಡು ಕುಳಿತಿರಬಹುದಾದ ವಯಸ್ಸಿನಲ್ಲಿ ಮೊಮ್ಮಕ್ಕಳ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದ ಈ ಹಿರಿಯರು ೨೦೨೪ರಲ್ಲಿ ತೀರಿಕೊಂಡರು.

ಇನ್ನು ಈಗಿನ ನಿಯಮಗಳು. ಇ-ಮೇಲಿನ ಒಳಗನ್ನು ಓದುವುದಕ್ಕೆ ಆಧಾರವಾದುದು ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೯ನೆಯ ಕಲಮು ಮತ್ತು ಅದರ ಕೆಳಗೆ ೨೦೦೯ರಲ್ಲಿ ಮಾಡಿದ ನಿಯಮಗಳು. ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಅಪರಾಧದ ತನಿಖೆ ಮೊದಲಾದ ಕಾರಣಗಳಿಗಾಗಿ ಕೇಂದ್ರದ ಇಲ್ಲವೆ ರಾಜ್ಯದ ಗೃಹ ಕಾರ್ಯದರ್ಶಿಯು ಕಾರಣಗಳನ್ನು ಬರೆದು ಹುಕುಂ ಕೊಡಬಹುದು. ಒಂದು ಹುಕುಮಿನ ಆಯುಸ್ಸು ೬೦ ದಿನ. ಮುಂದುವರಿಸಿದರೂ ಒಟ್ಟು ೧೮೦ ದಿನಗಳನ್ನು ಮೀರಕೂಡದು. ಏಳು ಕೆಲಸದ ದಿನಗಳೊಳಗೆ ಅದರ ಪ್ರತಿಯು ಪರಿಶೀಲನಾ ಸಮಿತಿಗೆ ಹೋಗಬೇಕು. ಸಮಿತಿಯು ಎರಡು ತಿಂಗಳಿಗೊಮ್ಮೆ ಸೇರಬೇಕು. ಸಹಕರಿಸದ ಕಂಪೆನಿಯವರಿಗೆ ಏಳು ವರ್ಷಗಳವರೆಗೆ ಸೆರೆವಾಸ. ೨೦೧೮ನೆಯ ಡಿಸೆಂಬರ್ ೨೦ರಂದು ಕೇಂದ್ರ ಗೃಹ ಇಲಾಖೆಯು ಹತ್ತು ಸಂಸ್ಥೆಗಳನ್ನು ಹೆಸರಿಸಿ, ಈ ಕೆಲಸಕ್ಕೆ ಅಧಿಕಾರವುಳ್ಳವರು ಇವರೆಂದು ಪ್ರಕಟಿಸಿತು. ಟೆಲಿಫೋನು, ತಂತಿಗಳ ಮಟ್ಟಿಗೆ ೨೦೨೩ರ ದೂರಸಂಪರ್ಕ ಕಾಯಿದೆಯೂ ೨೦೨೪ನೆಯ ಡಿಸೆಂಬರಿನಲ್ಲಿ ಬಂದ ನಿಯಮಗಳೂ ಇದೇ ಜಾಡಿನಲ್ಲಿವೆ.

ಹೊರಮೈಯ ದಾಖಲೆಯ ವಿಷಯವು ಬೇರೆ. ಅದಕ್ಕೆ ಯಾರ ಮೇಲೂ ಸಂಶಯವಿರಬೇಕಾಗಿಲ್ಲ. ಅಂತರ್ಜಾಲದ ಕಂಪೆನಿಯವರು ತಮ್ಮ ಎಲ್ಲ ಚಂದಾದಾರರ ಪ್ರವೇಶ ನಿರ್ಗಮನಗಳ ದಾಖಲೆಯನ್ನು, ಅವರು ಒದಗಿಸುವ ಇ-ಮೇಲಿನದೂ ಸೇರಿದಂತೆ, ಕನಿಷ್ಠ ಎರಡು ವರ್ಷ ಇಟ್ಟಿರತಕ್ಕದ್ದೆಂದು ಲೈಸೆನ್ಸಿನ ಷರತ್ತು. ಮೊದಲು ಒಂದು ವರ್ಷವಿದ್ದುದನ್ನು ೨೦೨೧ನೆಯ ಡಿಸೆಂಬರಿನಲ್ಲಿ ಎರಡಕ್ಕೆ ಏರಿಸಿದರು. ಪಾರ್ಲಿಮೆಂಟಿನಲ್ಲಿ ಚರ್ಚೆಯಾಗಿ ಬಂದ ಕಾಯಿದೆಯಲ್ಲ ಇದು. ಇಲಾಖೆಯವರು ಲೈಸೆನ್ಸಿನ ಒಕ್ಕಣೆಯನ್ನು ತಿದ್ದಿದರು, ಕೋಟ್ಯಂತರ ಜನರ ದಾಖಲೆಯ ಆಯುಸ್ಸು ಇಮ್ಮಡಿಯಾಯಿತು. ಮರುವರ್ಷ, ೨೦೨೨ನೆಯ ಏಪ್ರಿಲ್ ೨೮ರಂದು, ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆಯು ಲಾಗುಗಳನ್ನು ೧೮೦ ದಿನ ಇಡಬೇಕೆಂದೂ, ಗುರುತು ಮರೆಸುವ ವಿ.ಪಿ.ಎನ್. ಮೊದಲಾದ ಸೇವೆಗಳವರು ಗಿರಾಕಿಗಳ ಹೆಸರು ವಿಳಾಸಗಳನ್ನು ಐದು ವರ್ಷ ಇಡಬೇಕೆಂದೂ ಆಜ್ಞಾಪಿಸಿತು. ಅದನ್ನು ಒಪ್ಪದ ಕೆಲವು ವಿ.ಪಿ.ಎನ್. ಕಂಪೆನಿಗಳು ಭಾರತದಲ್ಲಿದ್ದ ತಮ್ಮ ಯಂತ್ರಗಳನ್ನೇ ಕಿತ್ತುಕೊಂಡು ಹೋದವು.

ಗಣಿಯ ಸೀಮೆಯವರಿಗೆ ಇವುಗಳಲ್ಲಿ ಹೆಚ್ಚು ಪರಿಚಿತವಾದುದು ಸೈಬರ್ ಕೆಫೆಯ ರಿಜಿಸ್ಟರು. ೨೦೦೧ನೆಯ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು. ಅಲ್ಲಿಂದೀಚೆಗೆ ಉದ್ಯೋಗವೆಂದರೆ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋಗುವುದೇ ಎಂಬಂತಾಯಿತು. ಅಂಗೈಯಲ್ಲಿ ಫೋನಿಲ್ಲದ ಆ ವರ್ಷಗಳಲ್ಲಿ ಕೆಲಸಕ್ಕೆ ಅರ್ಜಿ ಹಾಕಬೇಕಾದ ಹುಡುಗ ಹುಡುಗಿಯರು ಇ-ಮೇಲಿಗಾಗಿ ಇಂಥ ಅಂಗಡಿಗಳಿಗೇ ಹೋಗಬೇಕಾಗಿತ್ತು. ಕರ್ನಾಟಕ ಸರ್ಕಾರವು ೨೦೦೪ರಲ್ಲಿಯೇ ಸೈಬರ್ ಕೆಫೆಗಳಿಗೆ ನಿಯಮಗಳನ್ನು ಮಾಡಿತು. ೨೦೧೧ರ ಕೇಂದ್ರ ನಿಯಮಗಳು ಇನ್ನೂ ಬಿಗಿ: ಬಂದವರ ಗುರುತಿನ ಚೀಟಿ ನೋಡಬೇಕು, ಹೆಸರು ವಿಳಾಸಗಳನ್ನು ಬರೆದು ಒಂದು ವರ್ಷ ಇಡಬೇಕು, ಯಾವ ಯಂತ್ರದಲ್ಲಿ ಏನೇನು ನೋಡಿದರೆಂಬ ದಾಖಲೆಯನ್ನೂ ಇಡಬೇಕು, ಆಸನಗಳ ನಡುವಣ ತಡಿಕೆಯೂ ನಾಲ್ಕೂವರೆ ಅಡಿಗಿಂತ ಎತ್ತರವಿರಕೂಡದು. ಸ್ವಂತ ಯಂತ್ರವುಳ್ಳವರ ದಾಖಲೆಯು ಕಂಪೆನಿಯ ಉಕ್ಕಿನ ಕೋಣೆಯಲ್ಲಿದ್ದರೆ, ಬಡವರ ದಾಖಲೆಯು ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬಿಡಿ ಹಾಳೆಯಾಗಿ ಬಿದ್ದಿರುತ್ತದೆ. ಹೆಣ್ಣುಮಗಳೊಬ್ಬಳ ಹೆಸರು, ಮನೆಯ ವಿಳಾಸ, ಫೋನಿನ ನಂಬರು ಹೀಗೆ ಬಯಲಿನಲ್ಲಿರುವುದು ಎಂಥದೆಂಬುದನ್ನು ತಾಯಂದಿರಿಗೆ ವಿವರಿಸಬೇಕಾಗಿಲ್ಲ.

ಮತ್ತೊಂದು ವಿಶೇಷ. ಈ ಸೀಮೆಯ ಆಂಗ್ಲೋ-ಇಂಡಿಯನ್ ಸಂಸಾರಗಳಲ್ಲಿ ಅನೇಕವು ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ಹೋಗಿ ನೆಲಸಿವೆ. ಇಲ್ಲಿ ಉಳಿದ ಅಜ್ಜಿಯು ಅಲ್ಲಿಯ ಮೊಮ್ಮಗನಿಗೆ ಕ್ರಿಸ್‌ಮಸ್ಸಿನ ಇ-ಮೇಲು ಕಳುಹಿಸಿದರೆ ಅದರ ಜಾಡು ಎರಡು ರಾಜ್ಯಗಳ ಪುಸ್ತಕಗಳಲ್ಲಿ ಬೀಳಬಹುದು. ಆಸ್ಟ್ರೇಲಿಯದವರು ೨೦೧೫ರಿಂದ ಹೊರಮೈಯ ದಾಖಲೆಯನ್ನು ಎರಡು ವರ್ಷ ಇಡಿಸುತ್ತಾರೆ; ಇಂಗ್ಲೆಂಡಿನ ೨೦೧೬ರ ಕಾಯಿದೆಯು ಹನ್ನೆರಡು ತಿಂಗಳವರೆಗೆ ಇಡಿಸಲು ಅವಕಾಶ ಕೊಡುತ್ತದೆ. ಯೂರೋಪಿನ ಒಕ್ಕೂಟದವರು ೨೦೦೬ರಲ್ಲಿ, ಎಲ್ಲ ಸದಸ್ಯ ದೇಶಗಳೂ ಆರು ತಿಂಗಳಿಂದ ಎರಡು ವರ್ಷಗಳವರೆಗೆ ಈ ದಾಖಲೆಗಳನ್ನು ಇಡಿಸತಕ್ಕದ್ದೆಂದು ವಿಧಿಸಿದ್ದರು. ೨೦೧೪ನೆಯ ಏಪ್ರಿಲ್ ೮ರಂದು ಅಲ್ಲಿಯ ನ್ಯಾಯಾಲಯವು ಆ ವಿಧಿಯನ್ನೇ ರದ್ದು ಮಾಡಿತು. ಗಂಭೀರವಾದ ಅಪರಾಧವನ್ನು ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಅಪರಾಧದ ಗಾಳಿಯೂ ಸೋಕದವರನ್ನೆಲ್ಲ ಒಂದೇ ಬಲೆಯಲ್ಲಿ ಹಿಡಿದಿಡುವುದು ಅಳತೆ ಮೀರಿದುದು ಎಂಬುದು ಆ ತೀರ್ಪಿನ ಸಾರ.

ಸರ್ಕಾರದವರ ಪಕ್ಷದಲ್ಲಿ ಹೇಳಬೇಕಾದ ಮಾತನ್ನೂ ನ್ಯಾಯವಾಗಿ ಹೇಳಬೇಕು. ೧೯೩೦ ಎಂಬ ಅಂಕಿಯು ಗಣಿಯ ಹಿರಿಯರಿಗೆ ಹೆಬ್ಬೆಟ್ಟಿನ ಮುಷ್ಕರದ ಇಸವಿ. ಇಂದಿನ ಗೃಹಸ್ಥರಿಗೆ ಅದೇ ೧೯೩೦ ಎಂಬುದು ಅಂತರ್ಜಾಲದ ಮೋಸಕ್ಕೆ ಸಿಕ್ಕಿ ಹಣ ಕಳೆದುಕೊಂಡವರು ತಡಮಾಡದೆ ಕರೆಯಬೇಕಾದ ಸರ್ಕಾರಿ ಫೋನು. ನಿವೃತ್ತಿಯ ಗಂಟನ್ನು ಒಂದೇ ಮಧ್ಯಾಹ್ನದಲ್ಲಿ ಕಳೆದುಕೊಂಡ ಮುದುಕರ ದೂರು ಬಂದಾಗ, ಕಳ್ಳನು ಯಾವ ಊರಿನ ಯಾವ ಸಂಪರ್ಕದಿಂದ ಬರೆದನೆಂಬುದನ್ನು ಪೋಲೀಸಿನವರು ಹುಡುಕುವುದು ಈ ಲಾಗುಗಳ ಮೂಲಕವೇ. ಹುಡುಗಿಯೊಬ್ಬಳಿಗೆ ಹೆಸರಿಲ್ಲದ ಇ-ಮೇಲುಗಳಿಂದ ಬೆದರಿಕೆ ಹಾಕುವ ನೀಚನನ್ನು ಹಿಡಿಯುವುದಕ್ಕೂ ಬೇರೆ ದಾರಿ ಕಡಮೆ. ಲಾಗೇ ಇಲ್ಲದಿದ್ದರೆ ಅಪರಾಧವು ನಡೆದ ಮಾರನೆಯ ದಿನವೇ ಹೆಜ್ಜೆಯ ಗುರುತು ಅಳಿಸಿಹೋಗುವುದು. ಆದುದರಿಂದ ದಾಖಲೆಯೇ ಬೇಡವೆನ್ನುವವರ ಮಾತನ್ನು ಸಂಸಾರವಂದಿಗರು ಸುಲಭವಾಗಿ ಒಪ್ಪಲಾರರು, ನಾವೂ ಒಪ್ಪುವುದಿಲ್ಲ.

ಹಾಗಾದರೆ ಕೊರತೆ ಎಲ್ಲಿದೆ? ಮೂರು ಕಡೆಗಳಲ್ಲಿ ಎಂದು ನಮ್ಮ ಅಭಿಪ್ರಾಯ. ಮೊದಲನೆಯದು, ಕೇಳುವವರೂ ಕೊಡುವವರೂ ಪರಿಶೀಲಿಸುವವರೂ ಒಂದೇ ಮನೆಯವರು. ಹುಕುಂ ಬೇಡುವುದು ಸರ್ಕಾರದ ಸಂಸ್ಥೆ. ಕೊಡುವುದು ಸರ್ಕಾರದ ಕಾರ್ಯದರ್ಶಿ. ಸರಿಯೋ ತಪ್ಪೋ ಎಂದು ನೋಡುವ ಸಮಿತಿಯಲ್ಲಿರುವವರೂ ಸರ್ಕಾರದ ಹಿರಿಯ ಕಾರ್ಯದರ್ಶಿಗಳೇ. ನ್ಯಾಯಾಧೀಶರು ಎಲ್ಲಿಯೂ ಇಲ್ಲ. ಮನೆಯ ಖರ್ಚಿನ ಲೆಕ್ಕವನ್ನು ಬರೆದವರೇ ತನಿಖೆ ಮಾಡಿದರೆ ಎಂದಾದರೂ ತಪ್ಪು ಸಿಕ್ಕೀತೇ? ಎರಡನೆಯದು, ಯಾರ ಕಾಗದವನ್ನು ಓದಿದರೋ ಅವರಿಗೆ ತಿಳಿಸುವ ಏರ್ಪಾಡಿಲ್ಲ. ತಿಳಿಯದವನು ನ್ಯಾಯವನ್ನು ಹೇಗೆ ಕೇಳಿಯಾನು? ೨೦೧೯ರಲ್ಲಿ ಬೊಂಬಾಯಿಯ ಉಚ್ಚ ನ್ಯಾಯಾಲಯವು ಅಕ್ರಮವಾದ ಟೆಲಿಫೋನು ಹುಕುಮುಗಳನ್ನು ರದ್ದು ಮಾಡಿ, ಸಂಗ್ರಹಿಸಿದುದನ್ನು ನಾಶಪಡಿಸಬೇಕೆಂದು ಹೇಳಿತು. ಸಂಗತಿಯು ಮೊಕದ್ದಮೆಯೊಂದರಲ್ಲಿ ಹೊರಬಿದ್ದುದರಿಂದ ಮಾತ್ರ ಅದು ಸಾಧ್ಯವಾಯಿತು. ಮೂರನೆಯದು, ಶೇಖರಿಸಿಟ್ಟುದು ಕಳವಾಗುತ್ತದೆ. ಚಿನ್ನವನ್ನು ಕಾಯುವುದಕ್ಕೆ ಎಷ್ಟು ಬಾಗಿಲುಗಳು ಬೇಕೆಂಬುದನ್ನು ಗಣಿಯವರು ಬಲ್ಲರು. ಕೋಟಿ ಜನರ ನಡೆವಳಿಕೆಯ ಪಟ್ಟಿಯು ಚಿನ್ನಕ್ಕಿಂತ ಹಗುರವಾದ, ಚಿನ್ನಕ್ಕಿಂತ ಬೇಗನೆ ಸಾಗಿಸಬಹುದಾದ ಸರಕು.

ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ೨೦೨೩ರಲ್ಲಿ ಒಂದು ಕಾಯಿದೆಯು ಬಂದಿದೆ. ೨೦೨೫ನೆಯ ನವೆಂಬರಿನಲ್ಲಿ ಅದರ ನಿಯಮಗಳೂ ಪ್ರಕಟವಾದವು. ಅಂಗಡಿಯವನೂ ಬ್ಯಾಂಕಿನವನೂ ನಮ್ಮ ಮಾಹಿತಿಯನ್ನು ಹೇಗೆ ಬಳಸಬೇಕೆಂಬುದಕ್ಕೆ ಅದರಲ್ಲಿ ಕಟ್ಟುಗಳಿವೆ. ಅಷ್ಟರಮಟ್ಟಿಗೆ ಅದು ಸ್ವಾಗತಾರ್ಹವೇ. ಆದರೆ ದೇಶದ ಭದ್ರತೆ ಮೊದಲಾದ ಕಾರಣಗಳಿಂದ ಕೇಂದ್ರ ಸರ್ಕಾರವು ತನಗೆ ಬೇಕಾದ ಸಂಸ್ಥೆಯನ್ನು ಆ ಕಾಯಿದೆಯಿಂದ ಹೊರಗಿಡಬಹುದೆಂದು ಅದರಲ್ಲಿಯೇ ಬರೆದಿದೆ. ಬೇಲಿಯನ್ನು ಹಾಕಿ, ಹಾಕಿದವರಿಗೆ ಮಾತ್ರ ಹಾರುವ ಜಾಗವನ್ನು ಬಿಟ್ಟಂತಾಯಿತು.

ದಾಖಲೆ ಇರಲಿ, ಆದರೆ ಅದರ ಅವಧಿಯನ್ನು ಇಲಾಖೆಯ ಲೇಖನಿಯಲ್ಲ, ಪಾರ್ಲಿಮೆಂಟು ಗೊತ್ತುಮಾಡಲಿ, ಅದನ್ನು ತೆರೆಯುವುದಕ್ಕೆ ನ್ಯಾಯಾಧೀಶರ ಸಹಿ ಬೇಕಾಗಲಿ, ಅವಧಿ ತೀರಿದ ದಿನವೇ ಅದು ಅಳಿಯಲಿ, ಏನೂ ಸಿಗದೆ ತನಿಖೆ ಮುಗಿದ ಮೇಲೆ ಸಂಬಂಧಪಟ್ಟವರಿಗೆ ಒಂದು ಮಾತು ತಿಳಿಸಲಿ. ಇವು ಅಸಾಧ್ಯವಾದ ಬೇಡಿಕೆಗಳಲ್ಲ. ಮನೆಯ ಬೀಗದ ಕೈಯನ್ನು ನೆರೆಯವರ ಬಳಿ ಕೊಟ್ಟು ಹೋಗುವವರು ಕೂಡ, ಯಾವಾಗ ತೆರೆದಿರಿ ಎಂದು ಬಂದ ಮೇಲೆ ಕೇಳುವುದಿಲ್ಲವೇ?

ಕಾಯಿದೆಯು ಸರಿಯಾಗುವವರೆಗೆ ಗೃಹಸ್ಥರು ತಮ್ಮ ಕೈಯಲ್ಲಿರುವುದನ್ನು ಮಾಡಿಕೊಳ್ಳಬಹುದು. ಮನೆಯ ವೈಫೈಗೆ ಗಟ್ಟಿಯಾದ ಗುಪ್ತಪದವಿರಲಿ. ಪಕ್ಕದ ಮನೆಯ ಹುಡುಗನು ಅದರಿಂದ ಏನು ಮಾಡಿದರೂ ಲಾಗಿನಲ್ಲಿ ಬೀಳುವುದು ಚಂದಾದಾರರಾದ ನಿಮ್ಮ ಸಂಪರ್ಕವೇ. ನಿಮ್ಮ ಹೆಸರಿನ ಸಿಮ್ಮನ್ನು ದಾಕ್ಷಿಣ್ಯಕ್ಕೆ ಬಿದ್ದು ಯಾರಿಗೂ ಕೊಡತಕ್ಕದ್ದಲ್ಲ. ರೈಲು ನಿಲ್ದಾಣಗಳಲ್ಲಿ ಸಿಗುವ ಬಿಟ್ಟಿ ವೈಫೈ ಕೂಡ ಫೋನಿನ ನಂಬರನ್ನು ಪಡೆದೇ ಬಾಗಿಲು ತೆರೆಯುತ್ತದೆಂಬುದನ್ನು ನೆನಪಿಡಿರಿ. ಅಲ್ಲಿ ಬ್ಯಾಂಕಿನ ಕೆಲಸ ಬೇಡ. ಅಂಗಡಿಯಲ್ಲಿ ಗುರುತಿನ ಚೀಟಿಯ ಜೆರಾಕ್ಸ್ ಕೊಡಲೇಬೇಕಾಗಿ ಬಂದರೆ, ಅದರ ಮೇಲೆ ಅಡ್ಡಲಾಗಿ ಗೆರೆ ಎಳೆದು, ಯಾವ ಕೆಲಸಕ್ಕೆಂದು ಕೊಟ್ಟಿರೋ ಅದನ್ನೂ ತಾರೀಖನ್ನೂ ಬರೆಯಿರಿ. ಪರರ ಯಂತ್ರದಲ್ಲಿ ಇ-ಮೇಲು ನೋಡಿದ ಮೇಲೆ ಲಾಗೌಟ್ ಮಾಡದೆ ಏಳಬೇಡಿರಿ. ಹತ್ತು ವರ್ಷದ ಹಿಂದಿನ ಬ್ಯಾಂಕಿನ ಕಾಗದ, ಆಧಾರಿನ ಚಿತ್ರ, ಇವು ಅಂಚೆಪೆಟ್ಟಿಗೆಯಲ್ಲಿ ಕೊಳೆಯುತ್ತಿದ್ದರೆ ಅಳಿಸಿರಿ. ಇಲ್ಲದುದನ್ನು ಯಾರೂ ಕದಿಯಲಾರರು.

ಇನ್ನೊಂದನ್ನು ಮನೆಯ ಹಿರಿಯರಿಗೆ ತಪ್ಪದೆ ಹೇಳಬೇಕು. ಸರ್ಕಾರವು ಇ-ಮೇಲುಗಳನ್ನು ನೋಡಬಲ್ಲದೆಂಬ ಭಯವನ್ನೇ ಬಂಡವಾಳವಾಗಿ ಮಾಡಿಕೊಂಡ ಕಳ್ಳರಿದ್ದಾರೆ. "ನಿಮ್ಮ ಸಂದೇಶಗಳಲ್ಲಿ ಅಕ್ರಮವಾದುದು ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕ್ಯಾಮರಾದ ಎದುರಿನಿಂದ ಏಳಕೂಡದು, ಹಣವನ್ನು ಈ ಖಾತೆಗೆ ಹಾಕಿ" ಎಂದು ಪೋಲೀಸಿನ ಉಡುಪಿನಲ್ಲಿ ಅವರು ಹೆದರಿಸುವರು. ಫೋನಿನ ಮೂಲಕ ದಸ್ತಗಿರಿ ಮಾಡುವ ಕ್ರಮವು ನಮ್ಮ ದೇಶದ ಯಾವ ಕಾಯಿದೆಯಲ್ಲಿಯೂ ಇಲ್ಲ. ನಿಜವಾದ ಕಣ್ಗಾವಲು ನಡೆಸುವವರು ಕರೆದು ಹೇಳುವುದಿಲ್ಲ. ಕರೆದು ಹೇಳುವವರು ಕಣ್ಗಾವಲಿನವರಲ್ಲ. ಅಂಥ ಕರೆಯನ್ನು ಅಲ್ಲಿಯೇ ಕತ್ತರಿಸಿ ೧೯೩೦ಕ್ಕೆ ಕರೆಯುವುದು, ಆ ಮೇಲೆ ಹತ್ತಿರದ ಠಾಣೆಗೆ ಹೋಗುವುದು, ಇದೇ ಮಾರ್ಗ.

ತಪ್ಪು ಮಾಡದವರಿಗೆ ಭಯವೇಕೆ ಎಂಬ ಮಾತನ್ನು ನಾವು ಪದೇಪದೇ ಕೇಳುತ್ತೇವೆ. ಗಣಿಯಲ್ಲಿ ಮುಷ್ಕರ ನಿಂತ ಆ ಸಾವಿರಾರು ಮಂದಿಯಲ್ಲಿ ಬಹುಮಂದಿ ಒಂದು ಗುಲಗಂಜಿ ಚಿನ್ನವನ್ನೂ ಕದ್ದವರಲ್ಲ. ಅವರು ಕೇಳಿದುದು ಕಳ್ಳರಿಗೆ ರಕ್ಷಣೆಯನ್ನಲ್ಲ, ಕಳ್ಳರಲ್ಲದವರಿಗೆ ಮರ್ಯಾದೆಯನ್ನು. ಮಲಗುವ ಕೋಣೆಗೆ ಬಾಗಿಲು ಹಾಕಿಕೊಳ್ಳುವವರೆಲ್ಲ ಅಪರಾಧಿಗಳಲ್ಲ. ಕಾಗದಕ್ಕೆ ಅಂಟು ಹಚ್ಚುವವರೆಲ್ಲ ದ್ರೋಹಿಗಳಲ್ಲ. ಈ ಭೇದವನ್ನು ತಿಳಿದ ರಾಜ್ಯವು ಪ್ರಜೆಗಳ ವಿಶ್ವಾಸವನ್ನು ಗಳಿಸುವುದು. ತಿಳಿಯದ ರಾಜ್ಯಕ್ಕೆ ದಾಖಲೆಗಳು ಎಷ್ಟಾದರೂ ಸಿಗಬಹುದು, ವಿಶ್ವಾಸವು ಸಿಗಲಾರದು.